ಗ್ಲೌಸ್ ಒಳಗಿನ ಕೈ: ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದ ಒಬ್ಬರ ಕಥೆ ಇದು. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ರಾಜಣ್ಣ ಅಂತ ಕರೆಯೋಣ. 38 ವರ್ಷ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ಮನೆಯಲ್ಲಿ ತಾಯಿ, ಹೆಂಡತಿ, 8 ವರ್ಷದ ಮಗಳು.

2024ರ ಮಾರ್ಚ್ ತಿಂಗಳು. ಬಿಸಿಲು ಸುಡುತ್ತಿತ್ತು. ಅವರು ಬಂದದ್ದು ಬೈಕಿನವರು ಹಾಕುವಂಥ ಕಪ್ಪು ಬಟ್ಟೆಯ ಗ್ಲೌಸ್ ಹಾಕಿಕೊಂಡು. ಮುಖಕ್ಕೆ ಮಾಸ್ಕ್. ಕುರ್ಚಿಯಲ್ಲಿ ಕೂತವರು ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡರು. ಮಾತು ಶುರು ಮಾಡಿದ್ದು ಅವರ ಹೆಂಡತಿ.

"ಇವರು ಮನೇಲೂ ಗ್ಲೌಸ್ ತೆಗೆಯಲ್ಲ ಮೇಡಂ. ಮಲಗೋವಾಗ ಮಾತ್ರ. ಅದೂ ಲೈಟ್ ಆರಿಸಿದ ಮೇಲೆ."

ರಾಜಣ್ಣ ಅವರಿಗೆ ತೊನ್ನು ಇತ್ತು. 2020ರ ಕೊನೆಯಲ್ಲಿ ಬಲಗೈ ಬೆರಳಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡಿತಂತೆ. ಸುಣ್ಣ ಮೆತ್ತಿಕೊಂಡಿರಬೇಕು ಅಂದುಕೊಂಡು ಉಜ್ಜಿದರಂತೆ. ಕೆಲವೇ ತಿಂಗಳಲ್ಲಿ ಎರಡೂ ಕೈಯ ಬೆರಳು, ಆಮೇಲೆ ತುಟಿಯ ಅಂಚು. ಲಾಕ್‌ಡೌನ್ ಮುಗಿದು ಬಸ್ ಓಡಾಡತೊಡಗಿದ ಕಾಲ ಅದು. ಅವರ ಡಿಪೋದ ಕಂಡಕ್ಟರ್‌ಗಳೆಲ್ಲ ಗ್ಲೌಸ್, ಮಾಸ್ಕ್ ಹಾಕುತ್ತಿದ್ದರು. ಇವರ ಕೈ ಯಾರ ಕಣ್ಣಿಗೂ ಬೀಳಲಿಲ್ಲ. ನಿಧಾನಕ್ಕೆ ಉಳಿದವರು ಗ್ಲೌಸ್ ತೆಗೆದರು. ಇವರು ತೆಗೆಯಲಿಲ್ಲ.

ಗ್ಲೌಸ್ ಹಾಕಿ ಕಂಡಕ್ಟರ್ ಕೆಲಸ ಮಾಡುವುದು ಎಷ್ಟು ಕಷ್ಟ ಅಂತ ನನಗೆ ಅವರು ಹೇಳಿದ ಮೇಲೇ ಗೊತ್ತಾಯ್ತು. ನೋಟು ಬಿಡಿಸಲು ಆಗುವುದಿಲ್ಲ, ಎರಡು ಒಟ್ಟಿಗೆ ಹೋಗಿಬಿಡುತ್ತವೆ. ದಿನದ ಕೊನೆಗೆ ದುಡ್ಡು ಕಟ್ಟುವಾಗ ಕಮ್ಮಿ ಬಿದ್ದರೆ ಕೈಯಿಂದ ಹಾಕಬೇಕು. ತಿಂಗಳಿಗೆ ಒಂದೆರಡು ಸಲವಾದರೂ ಹಾಗಾಗುತ್ತಿತ್ತು. ಟಿಕೆಟ್ ಹರಿದು ಕೊಡುವುದನ್ನೇ ಬಿಟ್ಟಿದ್ದರು. ಮೆಷಿನ್ ಮುಂದೆ ಚಾಚುವುದು, ಪ್ರಯಾಣಿಕರೇ ಹರಿದುಕೊಳ್ಳಬೇಕು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಇವರಿಗೆ ಖುಷಿಯಾಯ್ತಂತೆ. "ಹೆಂಗಸರಿಗೆಲ್ಲ ಸೊನ್ನೆ ಟಿಕೆಟ್. ಅರ್ಧ ಬಸ್ಸಿಗೆ ಚಿಲ್ಲರೆ ಕೊಡೋದೇ ಬೇಡ ಮೇಡಂ. ನನಗೆ ಒಳ್ಳೇದೇ ಆಯ್ತು." ಹೇಳುವಾಗ ಅವರ ಮುಖದಲ್ಲಿ ನಿಜವಾದ ಸಮಾಧಾನ ಇತ್ತು. ನನ್ನ ಹೊಟ್ಟೆಯಲ್ಲಿ ಸಂಕಟವಾಯ್ತು. ಜನರ ಕೈಗೂ ತಮ್ಮ ಕೈಗೂ ನಡುವಿನ ವ್ಯವಹಾರ ಕಡಿಮೆಯಾದಷ್ಟೂ ಒಳ್ಳೆಯದು ಅನ್ನುವ ಮಟ್ಟಕ್ಕೆ ಅವರು ಬಂದಿದ್ದರು.

ಮನೆಯಲ್ಲಿ ತಟ್ಟೆ, ಲೋಟ, ಟವೆಲ್ ಬೇರೆ ಮಾಡಿಕೊಂಡಿದ್ದರು. ಯಾರೂ ಹೇಳಿರಲಿಲ್ಲ, ಅವರೇ ಮಾಡಿಕೊಂಡದ್ದು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬಚ್ಚಲುಮನೆಯ ಟ್ಯೂಬ್‌ಲೈಟ್ ಕೆಳಗೆ ಕೈ ಹಿಡಿದು ನೋಡುವರು. ಮಚ್ಚೆಯ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯುವರು. ಮಾರನೇ ದಿನ ಗೆರೆ ದಾಟಿದೆಯಾ ಅಂತ ನೋಡುವರು. ದಾಟಿದಂತೆ ಕಂಡರೆ ಆ ದಿನ ಪೂರ್ತಿ ಹಾಳು.

ಮೊದಲ ದಿನವೇ ನಾನು ನೇರವಾಗಿ ಕೇಳಿದೆ: "ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಒಳಗೆ ಇಟ್ಟುಕೊಂಡವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದು ಏನು ಪ್ರಯೋಜನ ಅನ್ನಿಸುತ್ತೆ, ಆದ್ರೆ ಮಗಳಿದಾಳೆ" ಅಂದರು. ಹೇಗೆ, ಎಲ್ಲಿ ಅನ್ನುವ ಯೋಚನೆಯೇನೂ ಇರಲಿಲ್ಲ. ಆದರೂ ಹೆಂಡತಿಯ ಎದುರಿಗೇ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಬರೆದುಕೊಟ್ಟೆ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಪ್ರತಿ ಭೇಟಿಯಲ್ಲೂ ಇದೇ ಪ್ರಶ್ನೆ ಮತ್ತೆ ಕೇಳಿದೆ.

ಎರಡನೇ ಭೇಟಿಯಲ್ಲಿ ನನ್ನಿಂದ ಒಂದು ತಪ್ಪಾಯ್ತು. "ನೀವು ಅಂದುಕೊಂಡಷ್ಟು ಯಾರೂ ನಿಮ್ಮ ಕೈ ನೋಡಲ್ಲ" ಅಂದುಬಿಟ್ಟೆ. ಅವರು ತಲೆ ಎತ್ತಿ ಹೇಳಿದರು. ಒಂದು ದಿನ ಗ್ಲೌಸ್ ಹರಿದು ಬರಿಗೈಯಲ್ಲಿ ಡ್ಯೂಟಿ ಮಾಡಿದ್ದರಂತೆ. ಹಿರಿಯರೊಬ್ಬರಿಗೆ ಚಿಲ್ಲರೆ ಕೊಡಲು ಹೋದಾಗ ಅವರು ಕೈ ಹಿಂದೆ ತೆಗೆದುಕೊಂಡು "ಸೀಟಿನ ಮೇಲೆ ಇಡಪ್ಪ" ಅಂದರಂತೆ. ಇವರು ಇಟ್ಟರು. ಬಸ್ ತಿರುವಿನಲ್ಲಿ ಹೋದಾಗ ನಾಣ್ಯ ಕೆಳಗೆ ಉರುಳಿತು. ಅದನ್ನು ಬಗ್ಗಿ ಆರಿಸಿ ಮತ್ತೆ ಸೀಟಿನ ಮೇಲೇ ಇಟ್ಟರು.

ನಾನು ಕ್ಷಮೆ ಕೇಳಿದೆ. ಜನ ನೋಡುತ್ತಾರೆ, ಕೆಲವರು ನೋಯಿಸುತ್ತಾರೆ. ಅದನ್ನು ಇಲ್ಲ ಅನ್ನುವುದು ಸುಳ್ಳು. ಆಮೇಲಿಂದ ನಾನು ಕೇಳತೊಡಗಿದ್ದು ಬೇರೆ ಪ್ರಶ್ನೆ: ಆ ಒಬ್ಬರ ಕೈ ಹಿಂದೆ ಹೋದದ್ದು, ಮೂರು ವರ್ಷದಲ್ಲಿ ಎಷ್ಟು ಜನರ ಕೈಯಾಗಿ ನಿಮ್ಮ ಮನಸ್ಸಿನಲ್ಲಿ ಬೆಳೆದಿದೆ?

ಇಲ್ಲಿ ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಬೇಕು. ಸಲಹೆಯ ಅರ್ಧ ಭಾಗ ಸರಿಯಾದ ಮಾಹಿತಿಯೇ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೋಸೈಟ್ ಅನ್ನುತ್ತಾರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಈ ಕೋಶಗಳ ಮೇಲೆ ಬಿದ್ದಾಗ ಅಲ್ಲಿನ ಬಣ್ಣ ಹೋಗುತ್ತದೆ. ಜಗತ್ತಿನಲ್ಲಿ ನೂರಕ್ಕೆ ಒಬ್ಬರಿಗೆ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಜನಕ್ಕೆ ಇದು ಇದೆ. ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ, ಗಂಡ ಹೆಂಡತಿ ಕೂಡಿ ಬಾಳಿದರೂ ಇಲ್ಲ. ಶ್ವೇತಕುಷ್ಠ, ಬಿಳಿಕುಷ್ಠ ಅನ್ನುವ ಹಳೆಯ ಹೆಸರುಗಳಿಂದ ಆದ ಹಾನಿ ಇಷ್ಟಿಷ್ಟಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕುಷ್ಠ ಬ್ಯಾಕ್ಟೀರಿಯಾದಿಂದ ಬರುವ, ಈಗ ಔಷಧಿಯಿಂದ ಪೂರ್ತಿ ವಾಸಿಯಾಗುವ ಕಾಯಿಲೆ. ಅದರ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಮಂಕಾಗುತ್ತದೆ. ತೊನ್ನಿನ ಮಚ್ಚೆಯಲ್ಲಿ ಸ್ಪರ್ಶ ಮೊದಲಿನಂತೆಯೇ ಇರುತ್ತದೆ.

ಈ ಕೊನೆಯ ಮಾತೇ ನನಗೆ ದಾರಿ ತೋರಿಸಿತು.

ನಾಲ್ಕನೇ ಭೇಟಿಯಲ್ಲಿ ಒಂದು ಕೈಯ ಗ್ಲೌಸ್ ಮಾತ್ರ ತೆಗೆಯಲು ಕೇಳಿದೆ. ಕಣ್ಣು ಮುಚ್ಚಿಕೊಳ್ಳಿ ಅಂದೆ. ಅವರ ಅಂಗೈಯಲ್ಲಿ ಒಂದೊಂದಾಗಿ ನಾಣ್ಯ ಇಟ್ಟೆ. ಬೆರಳಿನ ತುದಿಯಲ್ಲಿ ಹೊರಳಿಸಿದರು. "ಎರಡು ರೂಪಾಯಿ. ಹೊಸದು." "ಐದು." "ಒಂದು." "ಇದೂ ಐದೇ, ಹಳೇ ದಪ್ಪ ನಾಣ್ಯ." ಒಂದೂ ತಪ್ಪಲಿಲ್ಲ. ಹದಿನಾಲ್ಕು ವರ್ಷ ಕತ್ತಲಲ್ಲಿ, ನೂಕುನುಗ್ಗಲಲ್ಲಿ ಚಿಲ್ಲರೆ ಎಣಿಸಿದ ಬೆರಳುಗಳು ಅವು. ಅವರು ಕಣ್ಣು ಮುಚ್ಚಿರುವಾಗಲೇ ಕೇಳಿದೆ: "ಈ ಬೆರಳು ಈಗ ಯಾವ ಬಣ್ಣ ಇದೆ?" ಅವರು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಕಣ್ಣು ಮುಚ್ಚಿದ್ರೆ ಹಳೇ ಕೈಯೇ" ಅಂದರು. ಆಮೇಲೆ ಅತ್ತರು. ಆ ದಿನ ಬೇರೇನೂ ಮಾತಾಡಲಿಲ್ಲ. ಕಳೆದುಹೋದ ಬಣ್ಣಕ್ಕಾಗಿ ಅವರು ಅಲ್ಲಿಯವರೆಗೆ ಒಮ್ಮೆಯೂ ಅತ್ತಿರಲಿಲ್ಲ. ಬರೀ ಹೆದರಿದ್ದರು, ಬಚ್ಚಿಟ್ಟುಕೊಂಡಿದ್ದರು.

ಕೈ ಇರುವುದು ಕೆಲಸ ಮಾಡಲು. ಎತ್ತುತ್ತೆ, ಕೊಡುತ್ತೆ, ಉಣ್ಣಿಸುತ್ತೆ. ರಾಜಣ್ಣ ಅವರ ಕೈ ಇದೆಲ್ಲ ಬಿಟ್ಟು ಬರೀ ನೋಡಿಸಿಕೊಳ್ಳುವ ವಸ್ತುವಾಗಿತ್ತು. ಅವರೂ ತಮ್ಮ ಕೈಯನ್ನು ಪರರ ಕಣ್ಣಿನಿಂದಲೇ ನೋಡುತ್ತಿದ್ದರು. ಆದ್ದರಿಂದ ಒಂದು ಮನೆಗೆಲಸ ಕೊಟ್ಟೆ. ದಿನವೂ ರಾತ್ರಿ, ಈ ಕೈ ಇವತ್ತು ಏನೇನು ಮಾಡಿತು ಅಂತ ನಾಲ್ಕು ಸಾಲು ಬರೆಯಬೇಕು. ಮೊದಲ ವಾರ ಬರೆದದ್ದು "ಟಿಕೆಟ್ ಕೊಟ್ಟೆ" ಅಷ್ಟೇ. ಮೂರನೇ ವಾರಕ್ಕೆ ಬರವಣಿಗೆ ಬದಲಾಗಿತ್ತು. "ಅಜ್ಜಿಗೆ ರಟ್ಟೆ ಹಿಡಿದು ಹತ್ತಿಸಿದೆ." "ಮಗು ಎತ್ತಿಕೊಂಡೆ, ತಾಯಿ ಆಮೇಲೆ ಹತ್ತಿದರು." "ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿದೆ, ಗ್ಲೌಸ್ ಇಲ್ಲದೆ."

ಮನೆಯವರನ್ನೂ ಕರೆಸಿದೆ. ತಾಯಿಗೆ ಇದು ನಾಗದೋಷ ಅನ್ನುವ ನಂಬಿಕೆ. ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡಿಸಿದ್ದರು. ನಾನು ಅದನ್ನು ತಪ್ಪು ಅನ್ನಲಿಲ್ಲ. ದೇವರಿಗೆ ಕೈ ಮುಗಿದರೆ ಆ ತಾಯಿಗೆ ಧೈರ್ಯ ಬರುತ್ತದೆ. ಅದನ್ನು ಕಿತ್ತುಕೊಳ್ಳಲು ನಾನ್ಯಾರು? ಆದರೆ ದೋಷ ಅಂದಾಗ ಮಗನಿಗೆ "ನನ್ನದೇ ಏನೋ ಪಾಪ" ಅಂತ ಕೇಳಿಸುತ್ತಿತ್ತು. ಅಷ್ಟು ಮಾತ್ರ ಹೇಳಿದೆ. ಜೊತೆಗೆ ಮೀನು, ಹಾಲು, ನಿಂಬೆ, ಮೊಸರು, ಬದನೆ ಎಲ್ಲ ಬಿಡಿಸಿದ್ದರು. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತೆ ಅನ್ನುವುದಕ್ಕೆ ಆಧಾರವಿಲ್ಲ. ಪಥ್ಯ ಮಾಡಿಸಿ ಮಾಡಿಸಿ ಮನುಷ್ಯ ಆರು ಕೆಜಿ ಇಳಿದುಹೋಗಿದ್ದರು. ಯಾರೋ ಕೊಟ್ಟ ಬಾವಂಚಿ ಎಣ್ಣೆಯನ್ನು ತುಟಿಗೆ ಹಚ್ಚಿ ಬಿಸಿಲಲ್ಲಿ ನಿಂತು ಬೊಬ್ಬೆಯೂ ಎದ್ದಿತ್ತಂತೆ. ಬಾವಂಚಿಯಲ್ಲಿರುವ ಸೋರಲಿನ್ ಅನ್ನುವ ಅಂಶ ಚರ್ಮ ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ. ಡಾಕ್ಟರ್ ಕಣ್ಗಾವಲಿನಲ್ಲಿ ಮಾತ್ರ ಬಳಸಬೇಕಾದ್ದು ಅದು.

ಮಾತಿನ ನಡುವೆ ತಾಯಿ ಹೇಳಿದರು: "ಇವನ ಕೈಗುಣ ಒಳ್ಳೇದು ತಾಯಿ. ಇವನು ನೆಟ್ಟ ತೆಂಗಿನ ಸಸಿ ಒಂದೂ ಒಣಗಿಲ್ಲ." ನಾನು ಕೇಳಿದೆ, "ಇದನ್ನ ಅವರಿಗೆ ಯಾವಾಗ ಹೇಳಿದ್ರಿ?" ಅವರು ಮಗನ ಕಡೆ ನೋಡಿದರು. ನಮ್ಮಲ್ಲಿ ಕೈಗುಣ ಅಂತ ಎಂಥ ಒಳ್ಳೆಯ ಮಾತಿದೆ! ಬೋಣಿ ಮಾಡುವವರ ಕೈ, ಸಸಿ ನೆಡುವವರ ಕೈ, ಔಷಧಿ ಕೊಡುವವರ ಕೈ. ಆ ಮಾತಿನಲ್ಲಿ ಕೈಯ ಬಣ್ಣದ ಲೆಕ್ಕವೇ ಇಲ್ಲ.

ಹೆಂಡತಿಯ ಮೌನವನ್ನು ರಾಜಣ್ಣ ಅಸಹ್ಯ ಅಂದುಕೊಂಡಿದ್ದರು. ಅವರು ಸುಮ್ಮನಿದ್ದದ್ದು, ಮಾತೆತ್ತಿದರೆ ಇವರಿಗೆ ನೋವಾಗುತ್ತದೆ ಅಂತ. "ಕೈ ಹಿಡ್ಕೊಂಡು ವರ್ಷಗಳೇ ಆಯ್ತು ಮೇಡಂ" ಅಂದರು, ಗಂಡನ ಮುಖ ನೋಡದೆ. ತೊನ್ನು ಬಂದವರ ಮನೆಯಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಒಬ್ಬರನ್ನೊಬ್ಬರು ಕಾಯಲು ಹೋಗಿ ಇಬ್ಬರೂ ಒಂಟಿಯಾಗುತ್ತಾರೆ.

ಆದರೆ ಆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಭಾರ ಹೊತ್ತಿದ್ದು ಮಗು. ವಾರದ ರಜೆಯ ದಿನ ಅಪ್ಪ ಅವಳಿಗೂ ಅಕ್ಕಪಕ್ಕದ ಮಕ್ಕಳಿಗೂ ಅಂಗಳದಲ್ಲಿ ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದರಂತೆ. ಅನ್ನ, ಸಾರು, ಕೊನೆಗೆ ಮೊಸರನ್ನ. ಎರಡು ವರ್ಷದ ಹಿಂದೆ ಅದು ನಿಂತಿತ್ತು. ಅವಳ ಜೊತೆ ಚಿತ್ರ ಬರೆಯುತ್ತಾ ಮಾತಾಡಿದೆ. ಅಪ್ಪ ಯಾಕೆ ತುತ್ತು ಹಾಕಲ್ಲ ಅಂತ ಕೇಳಿದ್ದಕ್ಕೆ, "ನನ್ ಮೇಲೆ ಕೋಪ ಅಪ್ಪಂಗೆ. ಅವತ್ತು ನಾನು 'ನಿನ್ ಬೆರಳು ಯಾಕೆ ಬೆಳ್ಳಗಿದೆ' ಅಂತ ಕೇಳಿದೆ. ಅವತ್ತಿಂದ ಹಾಕಲ್ಲ" ಅಂದಳು. ಎರಡು ವರ್ಷ ಆ ಮಗು ಇದನ್ನು ಒಳಗೇ ಇಟ್ಟುಕೊಂಡಿತ್ತು.

ರಾಜಣ್ಣ ಅವರಿಗೆ ಹೇಳಿದಾಗ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಆಮೇಲೆ ತಮ್ಮ ದೊಡ್ಡ ಭಯ ಬಿಚ್ಚಿಟ್ಟರು. "ನನ್ನಿಂದ ಅವಳಿಗೂ ಬಂದ್ರೆ? ನಾಳೆ ಅವಳ ಮದುವೇಲಿ ಇದೇ ಕೈಯಲ್ಲಿ ಧಾರೆ ಎರೀಬೇಕಲ್ಲ ಮೇಡಂ." ಮುಟ್ಟಿದರೆ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಹಿಂದೆ ಸರಿಯುತ್ತಿತ್ತು. ರಕ್ತಸಂಬಂಧಿಗಳಲ್ಲಿ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಇದು ನಿಜ. ಆದರೆ ತೊನ್ನು ಇರುವವರ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಬರುವುದೇ ಇಲ್ಲ. ತುತ್ತು ಹಾಕುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಚರ್ಮದ ಡಾಕ್ಟರ ಬಾಯಿಂದಲೇ ಗಂಡ ಹೆಂಡತಿ ಇಬ್ಬರಿಗೂ ಕೇಳಿಸಿದೆ.

ಆ ಡಾಕ್ಟರು ಇನ್ನೊಂದು ವಿಷಯವನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಅದಕ್ಕೆ ನಾನು ಅವರಿಗೆ ಋಣಿ. ಮಚ್ಚೆಯಲ್ಲಿ ಬಣ್ಣ ಮರಳುವುದು ಹೆಚ್ಚಾಗಿ ಕೂದಲಿನ ಬುಡದಲ್ಲಿ ಉಳಿದಿರುವ ಕೋಶಗಳಿಂದ. ಬೆರಳ ತುದಿಯಲ್ಲಿ, ತುಟಿಯಲ್ಲಿ ಕೂದಲೇ ಇಲ್ಲ. ಆದ್ದರಿಂದ ಮುಲಾಮು, ವಾರಕ್ಕೆ ಎರಡು ಮೂರು ಸಲ ಕೊಡುವ ಬೆಳಕಿನ ಚಿಕಿತ್ಸೆ, ಇವು ಮುಖದ ಚರ್ಮದಲ್ಲಿ ಚೆನ್ನಾಗಿ ಕೆಲಸ ಮಾಡಿದರೂ ಬೆರಳ ತುದಿಯಲ್ಲಿ ಅಷ್ಟಾಗಿ ಮಾಡುವುದಿಲ್ಲ. ಬಾಯಿಯ ಸುತ್ತ ಚಿಕಿತ್ಸೆ ಮುಂದುವರಿಸೋಣ, ಬೆರಳಿನ ಬಗ್ಗೆ ಭರವಸೆ ಕೊಡಲಾರೆ ಅಂದರು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು, ತೊನ್ನಿನ ಜೊತೆ ಅದರ ತೊಂದರೆ ಎಷ್ಟೋ ಜನರಿಗೆ ಇರುತ್ತದೆ. "ಎಲ್ಲ ಸರಿಹೋಗುತ್ತೆ ಬಿಡಿ" ಅನ್ನುವವರನ್ನೇ ಕೇಳಿ ಸಾಕಾಗಿದ್ದ ರಾಜಣ್ಣ ಅವರಿಗೆ ಈ ನೇರ ಮಾತು ಒಂದು ಥರ ಬಿಡುಗಡೆ ಕೊಟ್ಟಿತು.

ಗ್ಲೌಸ್ ಬಗ್ಗೆಯೂ ಡಾಕ್ಟರು ಹೇಳಿದರು. ಚರ್ಮ ಪದೇ ಪದೇ ಉಜ್ಜಿದ ಕಡೆ, ಗಾಯವಾದ ಕಡೆ ಹೊಸ ಮಚ್ಚೆ ಏಳಬಹುದು. ಬಿಗಿಯಾದ ಗ್ಲೌಸ್ ಒಳ್ಳೆಯದಲ್ಲ. 1939ರಲ್ಲಿ ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ಕೈ ಬೆಳ್ಳಗಾದಾಗ, ಕಾರಣ ಅವರ ರಬ್ಬರ್ ಗ್ಲೌಸಿನಲ್ಲಿದ್ದ ಒಂದು ರಾಸಾಯನಿಕ ಅಂತ ಗೊತ್ತಾಗಿತ್ತು. ಹೆಂಗಸರಿಗೂ ಒಂದು ಮಾತು: ಸ್ಟಿಕ್ಕರ್ ಬಿಂದಿಯ ಅಂಟಿನಿಂದ ಹಣೆಯಲ್ಲಿ ಬಿಳಿ ಕಲೆ ಬರುವುದುಂಟು. ಕಂಡರೆ ಅದನ್ನು ಹಚ್ಚುವುದು ಬಿಟ್ಟು ಡಾಕ್ಟರಿಗೆ ತೋರಿಸಿ.

ಗ್ಲೌಸ್ ತೆಗೆಯುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿದೆವು. ಮೊದಲು ಮನೆಯಲ್ಲಿ, ಲೈಟ್ ಹಾಕಿದಾಗ. ಆಮೇಲೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಲೋಟ ಬರಿಗೈಯಲ್ಲಿ ಹಿಡಿಯುವುದು. ಆಮೇಲೆ ಬೆಳಗಿನ ಒಂದೇ ಒಂದು ಟ್ರಿಪ್. ಬೆಳಗಿನ ಜಾವದ ಪರೀಕ್ಷೆಯನ್ನೂ ನಿಲ್ಲಿಸಲು ಹೇಳಿದೆ. ಮೂರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಹೆಂಡತಿ ಫೋಟೋ ತೆಗೆಯುವುದು, ಡಾಕ್ಟರಿಗೆ ತೋರಿಸಲು. ಅಷ್ಟೇ. ಬಾಲ್‌ಪೆನ್ ಬಿಡುವುದು ಅವರಿಗೆ ಗ್ಲೌಸ್ ಬಿಡುವುದಕ್ಕಿಂತ ಕಷ್ಟವಾಯ್ತು.

ಯಾರಾದರೂ ಕೇಳಿದರೆ ಏನು ಹೇಳಬೇಕು ಅನ್ನುವುದನ್ನು ಕೂತು ಅಭ್ಯಾಸ ಮಾಡಿದೆವು. ಉದ್ದ ವಿವರಣೆ ಬೇಡ, ತಲೆ ತಗ್ಗಿಸುವುದೂ ಬೇಡ. ಹೆಸರು ಹೇಳಿ, ಭಯ ತೆಗೆದು, ಮಾತನ್ನು ಕೆಲಸಕ್ಕೆ ತಿರುಗಿಸುವುದು. ಅವರೇ ಕಟ್ಟಿಕೊಂಡ ಮಾತು ಹೀಗಿತ್ತು: "ಇದು ತೊನ್ನು, ಅಂಟಲ್ಲ. ನಿಮ್ದು ಎಲ್ಲಿಗೆ?" ನನ್ನ ಕೋಣೆಯಲ್ಲಿ ಇಪ್ಪತ್ತು ಸಲವಾದರೂ ಹೇಳಿದರು. ಮೊದಲು ಗಂಟಲು ಕಟ್ಟುತ್ತಿತ್ತು.

ಬರಿಗೈ ಟ್ರಿಪ್‌ಗೆ ಮೊದಲು ಎಷ್ಟು ಜನ ಮುಖ ತಿರುಗಿಸಬಹುದು ಅಂತ ಬರೆದಿಡಲು ಹೇಳಿದ್ದೆ. "ಅರ್ಧ ಜನ" ಅಂತ ಬರೆದಿದ್ದರು. ಆ ದಿನ 47 ಟಿಕೆಟ್. ಇಬ್ಬರು ದಿಟ್ಟಿಸಿ ನೋಡಿದರು. ಒಬ್ಬರು ಕೇಳಿದರು, ಇವರು ಉತ್ತರ ಹೇಳಿದರು. ಒಬ್ಬರು ನೋಟನ್ನು ತುದಿಯಲ್ಲಿ ಹಿಡಿದು ತೆಗೆದುಕೊಂಡರು. ಉಳಿದ 43 ಜನಕ್ಕೆ ಬೇಕಿದ್ದದ್ದು ಸೀಟು. ಆದರೂ ತುದಿಯಲ್ಲಿ ಹಿಡಿದ ಆ ಒಬ್ಬರೇ ರಾತ್ರಿಯೆಲ್ಲ ಕಣ್ಣಮುಂದೆ ಬಂದರಂತೆ. ಬರಲಿ, ಅಂದೆ. ನೋವಾಗಿದೆ, ನೋವಾಗಬೇಕಾದ್ದೇ. ಆದರೆ ಆ ಒಬ್ಬರನ್ನು ನೆನೆದಾಗೆಲ್ಲ, ಹಿಂದಿನ ಸೀಟಿನಲ್ಲಿದ್ದವರ ಮುಖವನ್ನೂ ನೆನಪಿಸಿಕೊಳ್ಳಿ. ಅವರೂ ಅವತ್ತು ನಿಮ್ಮ ಕೈಯಿಂದಲೇ ಚಿಲ್ಲರೆ ತಗೊಂಡವರು.

ಜೂನ್ 25 ವಿಶ್ವ ತೊನ್ನು ದಿನ. ಅಂದು ನಡೆದ ಒಂದು ಶಿಬಿರಕ್ಕೆ ಹೋಗಿ ಬನ್ನಿ ಅಂತ ಕಳಿಸಿದ್ದೆ. ತಮ್ಮಂಥವರ ನಡುವೆ ಕೂತದ್ದು ಅದೇ ಮೊದಲು. ಅಲ್ಲಿ ಮುಖದ ತುಂಬಾ ತೊನ್ನಿದ್ದ ಒಬ್ಬ ಟೀಚರಮ್ಮ ಜೋರಾಗಿ ನಗುತ್ತಾ ಮಾತಾಡುತ್ತಿದ್ದರಂತೆ. ಇವರಿಗೆ ಆಶ್ಚರ್ಯವಾದದ್ದು ಮುಖವಲ್ಲ, ನಗು.

ತೊನ್ನು ಇರುವವರ ಮನೆಯವರಿಗೆ, ನೆಂಟರಿಗೆ ನನ್ನದೊಂದು ಕೋರಿಕೆ. ಸಿಕ್ಕಾಗಲೆಲ್ಲ ಹೊಸ ಔಷಧಿ ಹೇಳಬೇಡಿ. "ಜಾಸ್ತಿ ಆಗಿದೆಯಲ್ಲ" ಅನ್ನಬೇಡಿ, ಅವರಿಗೆ ನಿಮಗಿಂತ ಮೊದಲೇ ಗೊತ್ತು. "ಕಮ್ಮಿ ಆಗಿದೆ" ಅಂತ ಸುಳ್ಳು ಸಮಾಧಾನವೂ ಬೇಡ. ಎದುರು ಬಂದಾಗ ಕೈ ಕುಲುಕಿ. ಅವರು ಬಡಿಸಿದ್ದನ್ನು ಉಣ್ಣಿ. ಮಕ್ಕಳು ಕೇಳಿದರೆ ಗದರಿಸಬೇಡಿ, ನಿಜ ಹೇಳಿ. ನಿಜ ಗೊತ್ತಾದರೆ ಮಕ್ಕಳಿಗೆ ಅದು ಬೇಗ ಮಾಮೂಲಾಗುತ್ತದೆ. ನಿದ್ದೆ ಕೆಟ್ಟಿದ್ದರೆ, ಜನರನ್ನು ಪೂರ್ತಿ ಬಿಟ್ಟಿದ್ದರೆ, ಬದುಕಿನ ಮೇಲೆ ಆಸೆ ಹೋಗಿದ್ದರೆ ಚರ್ಮದ ಡಾಕ್ಟರ ಜೊತೆ ಮನಸ್ಸಿನ ಡಾಕ್ಟರನ್ನೋ ಆಪ್ತಸಲಹೆಗಾರರನ್ನೋ ಕಾಣಲು ಕರೆದುಕೊಂಡು ಹೋಗಿ. ಹೋಗು ಅಂತ ಹೇಳಿದರೆ ಸಾಲದು, ಜೊತೆಗೆ ಹೋಗಿ.

ಆರು ತಿಂಗಳಲ್ಲಿ 11 ಸಲ ಕೂತು ಮಾತಾಡಿದೆವು. ಕೊನೆಯ ಸಲ ಫೋಟೋ ತೋರಿಸಿದರು. ಬಾಯಿಯ ಪಕ್ಕ ಎಳ್ಳಿನಷ್ಟು ಎಳ್ಳಿನಷ್ಟು ಬಣ್ಣ ಮರಳಿತ್ತು. "ಬೆರಳು ಹಾಗೇ ಇದೆ" ಅಂದು ಫೋಟೋ ಸರಿಸಿದರು. ದುಡ್ಡು ಕಮ್ಮಿ ಬೀಳದೆ ಎರಡು ತಿಂಗಳಾಯ್ತು ಅಂದರು. ವಾರದ ರಜೆಯಲ್ಲಿ ಕೈತುತ್ತು ಮತ್ತೆ ಶುರುವಾಗಿದೆ. ಮಗಳಿಗೆ ಈಗ ಎಂಟು ವರ್ಷ, ತುತ್ತು ಸಣ್ಣದಾಯ್ತು ಅಂತ ಜಗಳ ಮಾಡುತ್ತಾಳಂತೆ.

ತಮ್ಮ ಹುಟ್ಟೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಮಾತ್ರ ಇನ್ನೂ ಗ್ಲೌಸ್ ಹಾಕುತ್ತಾರೆ. ಅಲ್ಲಿ ಎಲ್ಲರೂ ಗುರುತಿನವರು. ಅದನ್ನು ಯಾವಾಗ ತೆಗೀತೀರಿ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು: "ದಸರಾ ರಜೆಗೆ ಮಗಳನ್ನ ಅದೇ ಬಸ್ಸಲ್ಲಿ ಊರಿಗೆ ಕರ್ಕೊಂಡು ಹೋಗ್ತೀನಿ ಮೇಡಂ. ಅವಳು ಮುಂದಿನ ಸೀಟಲ್ಲಿ ಇರ್ತಾಳಲ್ವಾ, ಅವತ್ತು ನೋಡೋಣ."